ದೀಪ ಹಚ್ಚುವ ಹೊತ್ತಿಗೆ ನಾಯಿ ಎಲ್ಲಿರಬೇಕು?

ದೇವರಾಯನದುರ್ಗದ ಕಾಡಂಚಿನ ಊರುಗಳಲ್ಲಿ ನಾಯಿಮರಿ ತರುವಾಗ ಅದರ ಬಣ್ಣ ನೋಡುತ್ತೇವೆ, ಗಂಡೋ ಹೆಣ್ಣೋ ನೋಡುತ್ತೇವೆ. ರಾತ್ರಿ ಎಲ್ಲಿ ಮಲಗುತ್ತದೆ ಎಂದು ಯೋಚಿಸುವವರು ಕಡಿಮೆ. ನಾವೂ ಯೋಚಿಸಿರಲಿಲ್ಲ. ನಮ್ಮ ಕರಿಯನನ್ನು ಕಾವಲಿಗೆಂದು ತೋಟದ ಮನೆಯ ಜಗಲಿ ಕಂಬಕ್ಕೆ ಸರಪಣಿಯಲ್ಲಿ ಕಟ್ಟುತ್ತಿದ್ದೆವು. ಮಾಗಿಯ ಒಂದು ಬೆಳಗ್ಗೆ ಎದ್ದು ನೋಡಿದರೆ ಸರಪಣಿ ಇತ್ತು, ಹರಿದ ಕೊರಳಪಟ್ಟಿ ಇತ್ತು, ಕರಿಯ ಇರಲಿಲ್ಲ. ಚಿರತೆ ಎಳೆದುಕೊಂಡು ಹೋದ ಗುರುತು ಅಂಗಳದಿಂದ ಅಡಕೆ ತೋಟದ ಬದುವಿನವರೆಗೆ ಹೋಗಿತ್ತು. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, "ಕಟ್ಟಾಕಿ ಮಲಗಿದ್ರಲ್ಲಪ್ಪ, ಪಾಪ, ಅದು ಓಡೋದಾದ್ರೂ ಹೆಂಗೆ?" ಎಂದರು. ಆ ಮಾತು ಇವತ್ತಿಗೂ ಮರೆತಿಲ್ಲ.

ಅಂದಿನಿಂದ ವೈದ್ಯರಿಂದ, ಕುರಿ ಮಂದೆಯವರಿಂದ, ಅರಣ್ಯ ಇಲಾಖೆಯ ಸಿಬ್ಬಂದಿಯಿಂದ ಕೇಳಿ ತಿಳಿದದ್ದನ್ನು, ಮನೆಯಲ್ಲಿ ಮಾಡಿ ನೋಡಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಮ್ಮ ತುಮಕೂರನ್ನು ಬರಗಾಲದ ಜಿಲ್ಲೆ ಎನ್ನುತ್ತಾರೆ. ಆದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ, ಶಿರಾ ಕಡೆಯ ಬುಕ್ಕಾಪಟ್ಟಣದಲ್ಲಿ ಚಿಂಕಾರ ಎಂಬ ಹುಲ್ಲೆಗಳಿವೆ, ನಾಗವಲ್ಲಿಯ ಮರಗಳಲ್ಲಿ ಕಾಡುಪಾಪ ಎಂಬ ಪುಟ್ಟ ಪ್ರಾಣಿಗಳಿವೆ, ಕಗ್ಗಲಡುವಿನಲ್ಲಿ ಊರೊಳಗಿನ ಮರಗಳ ಮೇಲೆಯೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ನಮ್ಮ ಅಂಗಳ ಮುಗಿಯುವಲ್ಲಿ ಅವುಗಳ ಜಾಗ ಶುರುವಾಗುತ್ತದೆ.

ಹೆಜ್ಜೆ 1: ರಾತ್ರಿಯ ಜಾಗ ಭದ್ರ ಮಾಡಿ

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು. ಉಳಿದದ್ದೆಲ್ಲ ಆಮೇಲೆ.

ಚಿರತೆಗೆ ನಾಯಿ ಸುಲಭದ ಬೇಟೆ. ಮಹಾರಾಷ್ಟ್ರದ ಅಕೋಲೆಯಲ್ಲಿ, ಕಾಡಿಲ್ಲದ ಬರೀ ಹೊಲಗದ್ದೆಯ ಬಯಲಿನಲ್ಲಿ, ಸಂಶೋಧಕರು ಚಿರತೆಗಳ ಹಿಕ್ಕೆ ಪರೀಕ್ಷಿಸಿದರು. ಅವು ತಿಂದ ಆಹಾರದ ತೂಕದಲ್ಲಿ ಶೇ 39ರಷ್ಟು ನಾಯಿಯದೇ ಆಗಿತ್ತು. ಆಡಿನ ಪಾಲು ಅದಕ್ಕಿಂತ ಎಷ್ಟೋ ಕಡಿಮೆ. ನಮ್ಮ ತೆಂಗು, ಅಡಕೆ ತೋಟಗಳ ಸುತ್ತಮುತ್ತಲೂ ಪರಿಸ್ಥಿತಿ ಬೇರೆಯಾಗಿರುವಂತೆ ಕಾಣುವುದಿಲ್ಲ. ಬಿಟ್ಟ ನಾಯಿ ಓಡೀತು, ಅಟ್ಟಕ್ಕೋ ಒಳಮನೆಗೋ ನುಗ್ಗೀತು. ಕಟ್ಟಿದ ನಾಯಿಗೆ ಯಾವ ದಾರಿಯೂ ಇಲ್ಲ.

ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ನಾಯಿ ಒಳಗಿರಬೇಕು. ನಡುಮನೆಯಲ್ಲಿ ಬೇಡವೆಂದರೆ ಕೊಟ್ಟಿಗೆಯ ಒಂದು ಮೂಲೆ ಸಾಕು, ಆದರೆ ಆ ಕೊಟ್ಟಿಗೆಗೆ ಬಾಗಿಲಿರಬೇಕು. "ಒಳಗೆ ಹಾಕಿದರೆ ಕಾವಲು ಕಾಯೋರ‍್ಯಾರು?" ಎಂದು ಕೇಳುವವರಿದ್ದಾರೆ. ನಾಯಿಯ ಕಿವಿ, ಮೂಗು ಗೋಡೆಯೊಳಗಿದ್ದರೂ ಕೆಲಸ ಮಾಡುತ್ತವೆ. ಒಳಗಿಂದ ಬೊಗಳಿದರೂ ನಮಗೆ ಎಚ್ಚರವಾಗುತ್ತದೆ, ಹೊರಗಿರುವುದಕ್ಕೂ ಮನೆಯವರು ಎದ್ದರೆಂದು ಗೊತ್ತಾಗುತ್ತದೆ.

ಆಡು ಕುರಿಗಳ ರೊಪ್ಪಕ್ಕೆ ಜಾಲಿಮುಳ್ಳಿನ ಬೇಲಿಯೊಂದನ್ನೇ ನಂಬಬೇಡಿ. ಆಳೆತ್ತರದ ಗೋಡೆಯನ್ನು ಚಿರತೆ ಸಲೀಸಾಗಿ ಹಾರುತ್ತದೆ. ಅದಕ್ಕೇ ನಾಲ್ಕು ಬದಿಗೂ ಚೈನ್‌ಲಿಂಕ್ ತಂತಿ ಹಾಕಿ ಮೇಲ್ಭಾಗವನ್ನು ತೆರೆದು ಬಿಟ್ಟರೆ ಖರ್ಚು ಮಾಡಿಯೂ ಪ್ರಯೋಜನವಿಲ್ಲ. ಸೂರಿಗೂ ತಂತಿ ಅಥವಾ ಶೀಟು ಬೇಕು, ಅದನ್ನು ಗಳಕ್ಕೆ ಬಿಗಿಯಾಗಿ ಕಟ್ಟಿರಬೇಕು. ಬಾಗಿಲ ಕೆಳಗಿನ ಸಂದಿಗೆ ಚಪ್ಪಡಿ ಹಾಸಿ. ಹಗ್ಗದ ಕುಣಿಕೆ ಬಿಟ್ಟು ಕಬ್ಬಿಣದ ಚಿಲಕ ಹಾಕಿಸಿ. ರೊಪ್ಪ ಹೊಕ್ಕ ಚಿರತೆ ಒಂದಕ್ಕೇ ನಿಲ್ಲುವುದಿಲ್ಲ. ಮರಿಗಳು ಗಾಬರಿಯಿಂದ ಸುತ್ತ ಓಡಾಡುತ್ತಿದ್ದರೆ ಸಿಕ್ಕಿದ್ದನ್ನೆಲ್ಲ ಕಡಿದು ಹಾಕುತ್ತದೆ. ಒಂದು ಚಿಲಕ ಸಡಿಲವಿದ್ದರೆ ಒಂದೇ ರಾತ್ರಿಯಲ್ಲಿ ವರ್ಷದ ದುಡಿಮೆ ಹೋಗಬಹುದು.

ಮಂದೆಯ ಜೊತೆ ಬಯಲಲ್ಲೇ ರಾತ್ರಿ ಕಳೆಯುವ ನಾಯಿಗಳನ್ನು ಏನು ಮಾಡುವುದು? ಕುರಿಗಾಹಿಗಳು ಇದಕ್ಕೆ ಹಳೆಯ ಉಪಾಯ ಇಟ್ಟುಕೊಂಡಿದ್ದಾರೆ: ಕಬ್ಬಿಣದ ಮುಳ್ಳುಗಳಿರುವ ಕೊರಳಪಟ್ಟಿ. ಚಿರತೆ ಬಾಯಿ ಹಾಕುವುದೇ ಕುತ್ತಿಗೆಗೆ. ಮುಳ್ಳು ಚುಚ್ಚಿದರೆ ಹಿಡಿತ ಬಿಡುತ್ತದೆ. ಪಟ್ಟಿಯ ಒಳಮೈಗೆ ದಪ್ಪ ತೊಗಲಿರಲಿ, ಇಲ್ಲದಿದ್ದರೆ ನಾಯಿಗೇ ಗಾಯವಾಗುತ್ತದೆ.

ಇನ್ನು ಬೋನಿನ ಮಾತು. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಚಿರತೆಗೆ ಮನುಷ್ಯರೂ ಬಲಿಯಾದರು, ಅವರಲ್ಲಿ ಮಕ್ಕಳೂ ಇದ್ದರು. ಆ ಭಯ ಇನ್ನೂ ಆರಿಲ್ಲ. ಮನುಷ್ಯರ ಮೇಲೆ ಬಿದ್ದ ಚಿರತೆಯನ್ನು ಹಿಡಿಯಲೇಬೇಕು. ಆದರೆ ಬದುವಿನಲ್ಲಿ ಹಾದುಹೋದ ಚಿರತೆಗೆಲ್ಲ ಬೋನು ಇಡಿಸಿದರೆ ಅದು ಖಾಲಿ ಮಾಡಿದ ಜಾಗಕ್ಕೆ ಇನ್ನೊಂದು ಬರುತ್ತದೆ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಹೀಗೆ ಹಿಡಿದು ಬೇರೆ ಕಡೆ ಬಿಡಲು ಶುರುಮಾಡಿದ ಮೇಲೆ ಜನರ ಮೇಲಿನ ದಾಳಿ ಹೆಚ್ಚೇ ಆಯಿತು. ಮುಸ್ಸಂಜೆಯಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನೇ ಹೊರಗೆ ಬಿಡದಿರುವುದು, ಮನೆಗೆ ತಾಗಿದ ಲಂಟಾನ ಪೊದೆ ಸವರುವುದು, ಹಿತ್ತಲಲ್ಲಿ ಒಂದು ಬಲ್ಬು ಉರಿಸುವುದು, ಇವು ಬೋನಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

ಹೆಜ್ಜೆ 2: ಹೊರಗೆ ಏನು ಬಿಸಾಡುತ್ತೀರಿ, ನೋಡಿಕೊಳ್ಳಿ

ಊರ ಹೊರಗೆ ರಸ್ತೆ ಪಕ್ಕ ಕೋಳಿ ಅಂಗಡಿಯ ಪುಕ್ಕ, ಕರುಳು ಚೀಲಗಟ್ಟಲೆ ಬಿದ್ದಿರುತ್ತವೆ. ಅದಕ್ಕೆ ನಾಯಿಗಳು ಸೇರುತ್ತವೆ, ನಾಯಿಗಳ ಹಿಂದೆ ಚಿರತೆ ಬರುತ್ತದೆ. ಕೋಳಿ ತ್ಯಾಜ್ಯವನ್ನು ಗುಂಡಿ ತೋಡಿ ಮಣ್ಣು ಮುಚ್ಚುವಂತೆ ಗ್ರಾಮ ಪಂಚಾಯಿತಿಯಲ್ಲಿ ಪಟ್ಟು ಹಿಡಿಯಿರಿ. ಸತ್ತ ಕರುವನ್ನು ಹಳ್ಳಕ್ಕೆ ಎಸೆಯದೆ ಆಳವಾಗಿ ಹೂಳಿ. ನಾಯಿಗೆ ಹಾಕಿದ ಮುದ್ದೆ ರಾತ್ರಿಯಿಡೀ ತಟ್ಟೆಯಲ್ಲಿ ಉಳಿದರೆ ಇಲಿ ಬರುತ್ತದೆ, ಇಲಿ ಹುಡುಕಿಕೊಂಡು ಹಾವು ಬರುತ್ತದೆ. ಅದು ತಿನ್ನುವಷ್ಟೇ ಹಾಕಿ, ತಟ್ಟೆ ತೊಳೆದಿಡಿ.

ಹೆಜ್ಜೆ 3: ಲಸಿಕೆ ಮತ್ತು ಶಸ್ತ್ರಚಿಕಿತ್ಸೆ

ಹುಚ್ಚುನಾಯಿ ರೋಗದ ಲಸಿಕೆ ಮರಿಗೆ 3 ತಿಂಗಳಾದಾಗ ಒಂದು, ವೈದ್ಯರು ಹೇಳಿದ ಅವಧಿಗೆ ಇನ್ನೊಂದು, ಆಮೇಲೆ ವರ್ಷಕ್ಕೊಂದು. ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರಗಳಾಗುತ್ತವೆ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನವಾದ್ದರಿಂದ ಆ ಸುಮಾರಿಗೆ ವಿಚಾರಿಸಿ. ಲಸಿಕೆ ಹಾಕಿಸಿದ ನಾಯಿಗೂ ನರಿಯೋ ಮುಂಗುಸಿಯೋ ಕಚ್ಚಿದರೆ ಗಾಯ ತೊಳೆದು ಮತ್ತೆ ವೈದ್ಯರಿಗೆ ತೋರಿಸಿ. ಮನುಷ್ಯರಿಗೆ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಿ ಕಾಯುತ್ತ ಕೂರಬೇಡಿ. ರೋಗದ ಲಕ್ಷಣ ಕಾಣಿಸಿಕೊಂಡರೆ ಮತ್ತೆ ಉಳಿಸಿಕೊಳ್ಳುವ ದಾರಿ ಇಲ್ಲವೆಂದೇ ತಿಳಿಯಬೇಕು.

ನಮ್ಮಲ್ಲಿ ಹೆಚ್ಚಿನವರು ಮರೆಯುವುದು ಇನ್ನೊಂದು ಲಸಿಕೆಯನ್ನು. ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳನ್ನು ತಡೆಯುವ ಈ ಲಸಿಕೆಯನ್ನು ಮರಿಗೆ 6ರಿಂದ 8 ವಾರವಾದಾಗ ಶುರುಮಾಡಬೇಕು. ಮನುಷ್ಯರಿಗೆ ಅಂಟುವುದಿಲ್ಲವಲ್ಲ ಎಂದು ಡಿಸ್ಟೆಂಪರನ್ನು ಕಡೆಗಣಿಸುತ್ತೇವೆ. ನರಿ, ತೋಳಗಳಿಗೆ ಅದು ಅಂಟುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತವು, ಅವುಗಳಲ್ಲಿ ಹಲವಕ್ಕೆ ಈ ವೈರಸ್ ತಗುಲಿದ್ದು ಪತ್ತೆಯಾಯಿತು. ನಮ್ಮ ಬಯಲಿನ ತೋಳ, ನರಿಗಳಿಗೆ ಯಾರೂ ಚುಚ್ಚುಮದ್ದು ಹಾಕಲಾರರು. ನಾವು ಹಾಕಿಸಬಹುದಾದದ್ದು ನಮ್ಮ ನಾಯಿಗೆ.

ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು. ಗಂಡುಮರಿಗಳನ್ನು ಕೇಳಿದವರಿಗೆ ಕೊಟ್ಟು, ಹೆಣ್ಣುಮರಿಗಳನ್ನು ಚೀಲದಲ್ಲಿ ಹಾಕಿ ಕಾಡಂಚಿನಲ್ಲಿ ಬಿಟ್ಟು ಬರುವುದನ್ನು ಎಷ್ಟು ಸಲ ನೋಡಿದ್ದೇನೋ, ಹೊಟ್ಟೆ ಉರಿಯುತ್ತದೆ. ಆ ಮರಿಗಳಲ್ಲಿ ಹಲವು ಸಾಯುತ್ತವೆ. ಬದುಕಿ ಉಳಿದವು ಗುಂಪು ಕಟ್ಟಿಕೊಂಡು ಮೊಲ, ಕೃಷ್ಣಮೃಗದ ಮರಿಗಳನ್ನು ಅಟ್ಟುತ್ತವೆ. ನಾಯಿ ಗಂಡಾಗಲಿ ಹೆಣ್ಣಾಗಲಿ, 6 ತಿಂಗಳು ದಾಟಿದ ಮೇಲೆ ಪಶುವೈದ್ಯರ ಹತ್ತಿರ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಮಾತಾಡಿ.

ಹೆಜ್ಜೆ 4: ಹೊಲಕ್ಕೆ ಹೊರಟಾಗ

ಬೆಟ್ಟದ ತಪ್ಪಲಿನ ಹೊಲಕ್ಕೆ ನಸುಕಿನಲ್ಲಿ ನಾಯಿಯ ಜೊತೆ ಹೋಗುವವರು ಕರಡಿಯನ್ನು ನೆನಪಿಟ್ಟುಕೊಳ್ಳಿ. ಕರಡಿ ಹುತ್ತ ಕೆದಕುತ್ತ, ಅತ್ತಿ, ಎಲಚಿ, ಹಲಸು ತಿನ್ನುತ್ತ ತನ್ನ ಪಾಡಿಗೆ ಇರುತ್ತದೆ. ಕಣ್ಣು ಅಷ್ಟು ಚುರುಕಲ್ಲ, ತೀರ ಹತ್ತಿರ ಬರುವವರೆಗೆ ನಾವು ಅದಕ್ಕೆ ಗೊತ್ತಾಗುವುದಿಲ್ಲ. ನಾಯಿ ಮುಂದೆ ಓಡಿ ಅದನ್ನು ಕೆಣಕುತ್ತದೆ, ಕರಡಿ ತಿರುಗಿ ಬಿದ್ದರೆ ರಕ್ಷಣೆಗೆಂದು ನಮ್ಮ ಕಾಲ ಬಳಿಗೇ ಓಡಿ ಬರುತ್ತದೆ. ಕರಡಿಯೂ ಅದರ ಹಿಂದೆಯೇ. ಅಂಥ ಜಾಗದಲ್ಲಿ ನಾಯಿಗೆ ಹಗ್ಗ ಹಾಕಿ ಹಿಡಿದುಕೊಳ್ಳಿ, ಇಲ್ಲವೇ ಮನೆಯಲ್ಲೇ ಬಿಡಿ. ಗಟ್ಟಿಯಾಗಿ ಮಾತಾಡುತ್ತ, ಕೋಲು ಬಡಿಯುತ್ತ ನಡೆಯಿರಿ.

ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು, ಬುಕ್ಕಾಪಟ್ಟಣ 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ಸುತ್ತಲ ಊರಿನವರು ಅಲ್ಲಿಗೆ ನಾಯಿ ಬಿಡಲೇಬಾರದು. ಹುಟ್ಟಿದ ಮೊದಲ ದಿನಗಳಲ್ಲಿ ಕೃಷ್ಣಮೃಗ, ಚಿಂಕಾರದ ಮರಿಗಳು ಓಡದೆ ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತವೆ. ನಾಯಿಯ ಮೂಗಿನಿಂದ ಅವು ತಪ್ಪಿಸಿಕೊಳ್ಳುವುದು ಕಷ್ಟ.

ಹೆಜ್ಜೆ 5: ಬೇಲಿ ಕಡಿಯುವ ಮುಂಚೆ

ಕಾಡುಪಾಪ ಒಂದು ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ರಾತ್ರಿಯೆಲ್ಲ ಕೊಂಬೆಯಿಂದ ಕೊಂಬೆಗೆ ನಿಧಾನಕ್ಕೆ ನಡೆದು ಹುಳಹುಪ್ಪಟೆ ಹಿಡಿಯುತ್ತದೆ. ಅದಕ್ಕೆ ನೆಗೆತ ಬರುವುದಿಲ್ಲ. ಒಂದು ಕೊಂಬೆ ಇನ್ನೊಂದಕ್ಕೆ ತಾಗಿಕೊಂಡಿದ್ದರೆ ಮಾತ್ರ ದಾರಿ. ಹಳೆಯ ಬೇಲಿಸಾಲು ಕಿತ್ತು ಕಲ್ಲುಕಂಬ, ತಂತಿ ಹಾಕಿದಾಗ ಆ ದಾರಿ ತುಂಡಾಗುತ್ತದೆ. ಪಾಪ ನೆಲಕ್ಕಿಳಿಯುತ್ತದೆ, ನೆಲದಲ್ಲಿ ನಾಯಿ ಇರುತ್ತದೆ. ತಂತಿ ಬೇಲಿ ಹಾಕಲೇಬೇಕೆಂದರೆ ಒಳಬದಿಗೆ ಹಾಕಿ, ಹಳೆಯ ಹೊಂಗೆ, ಹುಣಸೆ, ಕಳ್ಳಿಯ ಸಾಲನ್ನು ಉಳಿಸಿ. ಕಾಡುಪಾಪದ ಕಣ್ಣು ಮಾಟ ಮಂತ್ರಕ್ಕೆ ಎಂದು ಯಾರಾದರೂ ಹುಡುಕಿಕೊಂಡು ಬಂದರೆ ಅವತ್ತೇ ಅರಣ್ಯ ಇಲಾಖೆಗೆ ತಿಳಿಸಿ.

ಹಂದಿ ತಡೆಯಲೆಂದು ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಅಪರಾಧ. ಅದಕ್ಕೆ ಹಂದಿ, ಚಿರತೆ, ನಾಯಿ, ರಾತ್ರಿ ನೀರು ಹಾಯಿಸಲು ಹೋದ ಪಕ್ಕದ ಹೊಲದವರು ಎಂಬ ಭೇದವಿಲ್ಲ.

ಹೆಜ್ಜೆ 6: ಬೆಕ್ಕು, ಹಾವು, ಗಿಳಿ

ಬೆಕ್ಕನ್ನೂ ರಾತ್ರಿ ಒಳಗೆ ಹಾಕಿ. ಹಗಲಿನಲ್ಲಿ ಕೊರಳಿಗೆ ಸಣ್ಣ ಗೆಜ್ಜೆ ಕಟ್ಟಿದರೆ ಹಕ್ಕಿಗಳಿಗೆ ಮುನ್ಸೂಚನೆ ಸಿಗುತ್ತದೆ. ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವಂತಿರಲಿ.

ಕೇರೆ ಹಾವು ಕಂಡರೆ ಬಿಟ್ಟುಬಿಡಿ, ಅದು ಇಲಿ ಹಿಡಿಯುವ ರೈತನ ಕೆಲಸದಾಳು. ನಾಗರ, ಕೊಳಕುಮಂಡಲ ಅಂಗಳಕ್ಕೆ ಬಂದರೆ ಮೊದಲು ನಾಯಿಯನ್ನು ಒಳಗೆ ಎಳೆದುಕೊಳ್ಳಿ. ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಹಾವನ್ನು ಮೂಸಲು ಹೋದ ನಾಯಿಯೇ. ಮೂತಿ ಊದಿಕೊಂಡರೆ, ಜೊಲ್ಲು ಸುರಿದರೆ, ಕಾಲು ತಡವರಿಸಿದರೆ ನಾಟಿ ಮದ್ದಿಗೆ ಹೊತ್ತು ಕಳೆಯದೆ ಪಶು ಆಸ್ಪತ್ರೆಗೆ ಹೊರಡಿ. ನಾಯಿಗೂ ವಿಷ ನಿರೋಧಕ ಚುಚ್ಚುಮದ್ದು ಕೆಲಸ ಮಾಡುತ್ತದೆ. ಮನುಷ್ಯರಿಗೆ ಕಚ್ಚಿದರೆ ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು.

ನಮ್ಮ ಕಾಡಿನ ಗಿಳಿ, ನಕ್ಷತ್ರ ಆಮೆ, ಕಾಡುಮೊಲದ ಮರಿ, ಉಡ ಇವನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕೋಲಾರ, ಚಿಕ್ಕಬಳ್ಳಾಪುರದ ಕುರುಚಲು ಕಾಡುಗಳಲ್ಲಿ ನಕ್ಷತ್ರ ಆಮೆಗಳನ್ನು ಹಿಡಿದು ಸಾಗಿಸುವ ಜಾಲವಿದೆ, ಮಕ್ಕಳಿಗೆ ನೂರೋ ಇನ್ನೂರೋ ಕೊಟ್ಟು ಆರಿಸಿ ತರಲು ಹೇಳುತ್ತಾರೆ. ನಿಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ. ಗದ್ದೆ ಕೊಯ್ಯುವಾಗ ಕಾಡುಬೆಕ್ಕಿನ ಮರಿಗಳು ಸಿಕ್ಕರೆ ಚಿರತೆ ಮರಿ ಎಂದುಕೊಂಡು ಎತ್ತಿಕೊಂಡು ಬರಬೇಡಿ. ಆ ಮೂಲೆಯ ಕೊಯ್ಲು ಒಂದೆರಡು ದಿನ ನಿಲ್ಲಿಸಿ, ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ.

ಹೆಜ್ಜೆ 7: ಆಡು, ಕರು ಹೋದರೆ

ಸಿಟ್ಟಿನಲ್ಲಿ ಕಳೇಬರಕ್ಕೆ ವಿಷ ಹಾಕಬೇಡಿ. ಅದನ್ನು ತಿಂದು ಸಾಯುವುದು ಚಿರತೆಯೊಂದೇ ಅಲ್ಲ, ನರಿ, ಹದ್ದು, ಕಾಗೆ, ಕೊನೆಗೆ ನಿಮ್ಮದೇ ನಾಯಿ. ಕಳೇಬರವನ್ನು ಇದ್ದಲ್ಲೇ ಬಿಡಿ, ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಹೆಜ್ಜೆಗುರುತಿನ ಮೇಲೆ ಬುಟ್ಟಿ ಕವುಚಿ. ಅರಣ್ಯ ಇಲಾಖೆಯವರು ಬಂದು ಮಹಜರು ಮಾಡಬೇಕು, ಪಶುವೈದ್ಯರು ಪರೀಕ್ಷಿಸಿ ವರದಿ ಕೊಡಬೇಕು. ಆಮೇಲೆ ಪರಿಹಾರದ ಅರ್ಜಿ. ಆಧಾರ್, ಬ್ಯಾಂಕ್ ಪಾಸ್‌ಬುಕ್‌ನ ಪ್ರತಿ ಸಿದ್ಧವಿಟ್ಟುಕೊಳ್ಳಿ, ತಡಮಾಡಿದಷ್ಟೂ ಸಾಬೀತು ಮಾಡುವುದು ಕಷ್ಟವಾಗುತ್ತದೆ.

ಕೊನೆಯದಾಗಿ, ಸ್ವಿಚ್‌ಬೋರ್ಡಿನ ಪಕ್ಕದ ಗೋಡೆಯ ಮೇಲೆ ಮೂರು ನಂಬರು ದೊಡ್ಡದಾಗಿ ಬರೆದಿಡಿ: ಅರಣ್ಯ ಇಲಾಖೆ 1926, ಪಶು ಸಂಜೀವಿನಿ 1962, ಆಂಬುಲೆನ್ಸ್ 108. ನಮ್ಮ ಮನೆಯಲ್ಲಿ ಕನ್ನಡಕವಿಲ್ಲದೆಯೂ ಅವ್ವ ಓದಬೇಕೆಂದು ಕೆಂಪು ಬಣ್ಣದಲ್ಲಿ ಬರೆದಿದ್ದೇವೆ.