ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಾಸಿಗೆ: ಮನೆಯಿಂದ ಕೆಲಸ ಮಾಡುವವರು ಯಾವುದನ್ನು ಮೊದಲು ಮಾಡಬೇಕು

ಅಮೆರಿಕದಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಹಾಕದ ರಾಜ್ಯಗಳಲ್ಲಿ ನಮ್ಮವರು ಹೆಚ್ಚಾಗಿ ಹೋಗುವುದು ಟೆಕ್ಸಾಸ್, ವಾಷಿಂಗ್ಟನ್, ಫ್ಲಾರಿಡಾಗಳಿಗೆ. ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಿಂದ ಟೆಕ್ಸಾಸಿನ ಡಲ್ಲಾಸ್ ಪಕ್ಕದ ಫ್ರಿಸ್ಕೋಗೆ ಬಂದೆವು. ಕಂಪನಿ ಅದೇ, ಕೆಲಸ ಅದೇ. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗುತ್ತಿದ್ದ ಮೀಟಿಂಗ್ ಇಲ್ಲಿ ಹನ್ನೊಂದಕ್ಕೆ. ಅಂದಿನಿಂದ ಹಳೆಯ ಸ್ನೇಹಿತರು ಫೋನ್ ಮಾಡಿ ಕೇಳುವುದು ಇಲ್ಲಿನ ಬಾಡಿಗೆ ಎಷ್ಟು, ಶಾಲೆ ಹೇಗೆ, ಸೆಕೆ ತಡೆಯುತ್ತದೆಯಾ ಎಂದು. ಟೆಕ್ಸಾಸಿಗೆ ಬಂದು ಸೇರುವುದು ಸುಲಭ. ಕ್ಯಾಲಿಫೋರ್ನಿಯಾವನ್ನು ನಿಜವಾಗಿ ಬಿಟ್ಟಿದ್ದೇವೆಂದು ಕಾಗದದಲ್ಲಿ ತೋರಿಸುವುದು ಕಷ್ಟ. ಇಲ್ಲಿ ಬರೆಯುತ್ತಿರುವುದು ಬಹುಪಾಲು ಅದರ ಬಗ್ಗೆಯೇ.

ಮೊದಲು ಲೆಕ್ಕ ಹಾಕಿ

ವರ್ಷಕ್ಕೆ 1.5 ಲಕ್ಷ ಡಾಲರ್ ಸಂಬಳದ ಒಂಟಿ ವ್ಯಕ್ತಿ ಕ್ಯಾಲಿಫೋರ್ನಿಯಾಕ್ಕೆ ಕಟ್ಟುವ ಆದಾಯ ತೆರಿಗೆ ಸುಮಾರು 10 ಸಾವಿರ ಡಾಲರ್. ಉಳಿಯುವುದು ಅಷ್ಟು. ಆದರೆ ಊರು ನೋಡಿ ಸಂಬಳ ನಿಗದಿ ಮಾಡುವ ಕಂಪನಿಗಳಿವೆ. ನಿಮ್ಮ ಕಂಪನಿ ಶೇ. 10 ಕಡಿತ ಮಾಡಿತೆನ್ನಿ, 15 ಸಾವಿರ ಹೋಯಿತು. ಅದರ ಮೇಲೆ ಕಟ್ಟಬೇಕಿದ್ದ ಫೆಡರಲ್ ತೆರಿಗೆ, ಸೋಶಿಯಲ್ ಸೆಕ್ಯುರಿಟಿ ಕಳೆದು ನೋಡಿದರೂ ಕೈಯಿಂದ ಹೋಗುವುದು ಸುಮಾರು 10 ಸಾವಿರವೇ. ಅಲ್ಲಿಗೆ ತೆರಿಗೆಯ ಲಾಭ ಮುಗಿಯಿತು. ಹೀಗಾಗಿ ಎಚ್‌ಆರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಆ ರಾಜ್ಯದಲ್ಲಿ ನಿಮ್ಮ ಪೇರೋಲ್ ನೋಂದಣಿ (ಅಲ್ಲಿರುವವರಿಗೆ ಸಂಬಳ ಕೊಡಲು ಬೇಕಾದ ನೋಂದಣಿ) ಇದೆಯೇ, ನನ್ನ ಸಂಬಳ ಬದಲಾಗುತ್ತದೆಯೇ? ಉತ್ತರ ಇಮೇಲ್‌ನಲ್ಲೇ ಬರಲಿ.

ಮನೆ ಕೊಳ್ಳುವ ಯೋಚನೆಯಿದ್ದರೆ ಆಸ್ತಿ ತೆರಿಗೆಯನ್ನೂ ಸೇರಿಸಿ. ಟೆಕ್ಸಾಸಿನಲ್ಲಿ ಕೌಂಟಿ, ನಗರ, ಸ್ಕೂಲ್ ಡಿಸ್ಟ್ರಿಕ್ಟ್ ಎಲ್ಲವೂ ಸೇರಿ ಶೇ. 2 ಎಂದು ಹಿಡಿದರೆ 6 ಲಕ್ಷದ ಮನೆಗೆ ವರ್ಷಕ್ಕೆ 12 ಸಾವಿರ ಡಾಲರ್. ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರೊಪೊಸಿಷನ್ 13ರಿಂದಾಗಿ ಮೂಲ ದರ ಶೇ. 1, ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಇಲ್ಲಿ ವಾಸದ ಮನೆಗೂ ಶೇ. 10ರವರೆಗೆ ಏರಬಹುದು. ಹೊಸ ಬಡಾವಣೆಗಳಲ್ಲಿ ನೀರು, ಚರಂಡಿಗಾಗಿ ಮಾಡಿದ ಸಾಲದ ತೆರಿಗೆ ಬೇರೆ ಇರುತ್ತದೆ. ಮನೆ ತೋರಿಸುವವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ಆಲಿಕಲ್ಲಿನ ಮಳೆಯಿಂದಾಗಿ ಮನೆಯ ವಿಮೆಯೂ ದುಬಾರಿ. ಮೊದಲ ವರ್ಷ ಬಾಡಿಗೆಗೇ ಇರಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ವೀಸಾ ಇದ್ದವರು ಲಾರಿ ಕರೆಯುವ ಮುಂಚೆ

ಎಚ್-1ಬಿ (ಕಂಪನಿಯ ಮೂಲಕ ಸಿಗುವ ಕೆಲಸದ ವೀಸಾ) ಮೇಲಿರುವವರಿಗೆ ತೆರಿಗೆಗಿಂತ ಇದು ದೊಡ್ಡದು. ನಿಮ್ಮ ಅರ್ಜಿಯಲ್ಲಿ ಕೆಲಸದ ಜಾಗ ಬರೆದಿರುತ್ತದೆ. ಮನೆಯಿಂದ ಕೆಲಸ ಮಾಡುವವರಿಗೆ ಮನೆಯೇ ಆ ಜಾಗ. ಅದೇ ಮಹಾನಗರ ವಲಯದೊಳಗೆ ಮನೆ ಬದಲಿಸಿದರೆ ಹೊಸ ಅರ್ಜಿ ಬೇಡ. ಸನ್ನಿವೇಲ್‌ನಿಂದ ಫ್ರಿಸ್ಕೋಗೆ ಬಂದರೆ ಬೇಕೇ ಬೇಕು: 2015ರ ಸಿಮಿಯೊ ಸಲ್ಯೂಷನ್ಸ್ ತೀರ್ಪಿನ ನಂತರ ಕಂಪನಿ ಹೊಸ ಎಲ್‌ಸಿಎ (ಸಂಬಳ, ಕೆಲಸದ ಜಾಗ ತಿಳಿಸಿ ಕಾರ್ಮಿಕ ಇಲಾಖೆಯಿಂದ ಪಡೆಯುವ ಕಾಗದ) ತೆಗೆದುಕೊಂಡು ತಿದ್ದುಪಡಿ ಅರ್ಜಿ ಹಾಕಲೇಬೇಕು. ಎಲ್‌ಸಿಎಗೆ ಏಳು ಕೆಲಸದ ದಿನ ಹಿಡಿಯುತ್ತದೆ. ತಿದ್ದುಪಡಿ ಅರ್ಜಿ ಸಲ್ಲಿಕೆಯಾದರೆ ಸಾಕು, ಮಂಜೂರಾತಿಗೆ ಕಾಯದೆ ಹೊಸ ಜಾಗದಲ್ಲಿ ಕೆಲಸ ಶುರು ಮಾಡಬಹುದು. ಸಲ್ಲಿಕೆಗೆ ಮುಂಚೆ ಹೊಸ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆಯಬೇಡಿ. ಎಲ್‌ಸಿಎ ನೋಟಿಸನ್ನು ಕೆಲಸದ ಜಾಗದಲ್ಲಿ ಎರಡು ಕಡೆ ಹತ್ತು ದಿನ ಅಂಟಿಸಬೇಕೆಂಬ ನಿಯಮ ಮನೆಗೂ ಅನ್ವಯಿಸುತ್ತದೆ. ನಾನು ಫ್ರಿಜ್ ಬಾಗಿಲಿಗೊಂದು, ಮೇಜಿನ ಹಿಂದಿನ ಗೋಡೆಗೊಂದು ಅಂಟಿಸಿ, ದಿನಾಂಕ ಕಾಣುವ ಹಾಗೆ ಫೋಟೊ ತೆಗೆದು ವಕೀಲರಿಗೆ ಕಳಿಸಿದೆ.

ಗ್ರೀನ್ ಕಾರ್ಡಿನ ಪರ್ಮ್ ಹಂತ (ಆ ಕೆಲಸಕ್ಕೆ ಸ್ಥಳೀಯರು ಸಿಗಲಿಲ್ಲವೆಂದು ಕಂಪನಿ ಕಾರ್ಮಿಕ ಇಲಾಖೆಗೆ ತೋರಿಸುವುದು) ನಡೆಯುತ್ತಿದ್ದರೆ ಇನ್ನೂ ಎಚ್ಚರ ಬೇಕು. ಪರ್ಮ್ ಕೂಡ ಜಾಗಕ್ಕೆ ಕಟ್ಟಿಹಾಕಿದ ಕಾಗದ. ಜಾಗ ಬದಲಾದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗಬಹುದು. ಪರ್ಮ್ ನಂತರದ ಐ-140 ಅರ್ಜಿ ಮಂಜೂರಾಗಿದ್ದರೆ ಪ್ರಯಾರಿಟಿ ಡೇಟ್, ಅಂದರೆ ಗ್ರೀನ್ ಕಾರ್ಡ್ ಸರತಿಯಲ್ಲಿ ನಿಮ್ಮ ಜಾಗ ಹಿಡಿದಿಡುವ ತಾರೀಕು, ಉಳಿಯುತ್ತದೆ. ನಾವು ಐ-140 ಕೈಗೆ ಬರುವವರೆಗೂ ಕಾದೆವು. ಭಾರತೀಯರ ಸರತಿ ಎಷ್ಟು ಉದ್ದವೆಂದು ಗೊತ್ತಿದ್ದವರು ಆ ತಾರೀಕನ್ನು ತೆರಿಗೆಯ ಆಸೆಗೆ ಪಣಕ್ಕಿಡಬಾರದು. ಹೊಸ ಮನೆಗೆ ಬಂದ ಹತ್ತು ದಿನದೊಳಗೆ ವಲಸೆ ಇಲಾಖೆಗೆ ವಿಳಾಸ ಬದಲಾವಣೆ ತಿಳಿಸುವ ಎಆರ್-11 ಫಾರಂ ಆನ್‌ಲೈನ್‌ನಲ್ಲಿ ತುಂಬಿ. ಮನೆಯಲ್ಲಿ ವೀಸಾ ಮೇಲಿರುವ ಪ್ರತಿಯೊಬ್ಬರ ಹೆಸರಿನಲ್ಲೂ ತುಂಬಬೇಕು, ಮಕ್ಕಳದ್ದೂ.

ಹಳೆಯ ರಾಜ್ಯವನ್ನು ಬಿಡುವುದು

ಕ್ಯಾಲಿಫೋರ್ನಿಯಾದ ಆದಾಯ ತೆರಿಗೆ ಇಲಾಖೆಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ ನೋಡುವುದು ನಿಮ್ಮ ಬದುಕು ಎಲ್ಲಿದೆ ಎಂದು. ಅವರ 1031ನೇ ಕೈಪಿಡಿ ಓದಿ. ಗಂಡ ಹೆಂಡತಿ ಮಕ್ಕಳು ಎಲ್ಲಿ, ಮುಖ್ಯ ಮನೆ ಎಲ್ಲಿ, ಲೈಸೆನ್ಸ್ ಯಾವ ರಾಜ್ಯದ್ದು, ಕಾರಿನ ನೋಂದಣಿ, ಬ್ಯಾಂಕು, ವೈದ್ಯರು, ದಂತವೈದ್ಯರು ಎಲ್ಲಿಯವರು: ಪಟ್ಟಿ ಹೀಗೆ ಹೋಗುತ್ತದೆ. ಹಳೆಯ ದಂತವೈದ್ಯರ ಬಳಿಯೇ ವರ್ಷಕ್ಕೆರಡು ಸಲ ಹೋಗುವುದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಅದೂ ಲೆಕ್ಕಕ್ಕೆ ಬರುತ್ತದೆ. ನಾವು ದಾಖಲೆಗಳನ್ನು ವರ್ಗಾಯಿಸಿಕೊಂಡು ಎಲ್ಲರನ್ನೂ ಇಲ್ಲೇ ಹುಡುಕಿಕೊಂಡೆವು.

ನಮ್ಮವರು ಹೆಚ್ಚಾಗಿ ಎಡವುವುದು ಎರಡು ಕಡೆ. ಒಂದು, ಮನೆ ಖಾಲಿ ಮಾಡಿ, ಸಾಮಾನು ಗೋದಾಮಿಗೆ ಹಾಕಿ, ಮೂರು ತಿಂಗಳು ಮೈಸೂರಿಗೋ ಹುಬ್ಬಳ್ಳಿಗೋ ಹೋಗಿ, ಅಲ್ಲಿಂದ ನೇರ ಟೆಕ್ಸಾಸಿಗೆ ಬರುವುದು. ಹೊಸ ಜಾಗದಲ್ಲಿ ನೆಲೆ ಊರುವವರೆಗೂ ಹಳೆಯ ನೆಲೆ ಹಾಗೇ ಇರುತ್ತದೆ ಎನ್ನುವುದು ಕಾನೂನು. ಹಾಗಾಗಿ ಊರಿನಲ್ಲಿ ಕಳೆದ ಆ ಮೂರು ತಿಂಗಳ ಸಂಬಳಕ್ಕೂ ಕ್ಯಾಲಿಫೋರ್ನಿಯಾ ತೆರಿಗೆ ಕೇಳುತ್ತದೆ. ಮೊದಲು ಟೆಕ್ಸಾಸಿಗೆ ಬಂದು, ಕರಾರು ಬರೆದು, ಲೈಸೆನ್ಸ್ ಮಾಡಿಸಿ, ಆಮೇಲೆ ಅಪ್ಪ ಅಮ್ಮನನ್ನು ನೋಡಲು ಹೊರಡಿ.

ಇನ್ನೊಂದು, ಮಕ್ಕಳ ಶಾಲೆ ಮುಗಿಯಲಿ ಎಂದು ಹೆಂಡತಿ ಮಕ್ಕಳು ಅಲ್ಲೇ ಉಳಿದು ಗಂಡ ಮೊದಲು ಬರುವುದು, ಅಥವಾ ಹೆಂಡತಿ ಬಂದು ಗಂಡ ಉಳಿಯುವುದು. ಟೆಕ್ಸಾಸಿನಲ್ಲಿ ಮದುವೆಯಾದ ಮೇಲಿನ ಗಳಿಕೆ ಇಬ್ಬರಿಗೂ ಸಮವಾಗಿ ಸೇರಿದ್ದು. ಹೀಗಾಗಿ ನೀವು ಇಲ್ಲಿ ದುಡಿದದ್ದರಲ್ಲಿ ಅರ್ಧ ಅಲ್ಲಿರುವ ಸಂಗಾತಿಯದ್ದು, ಸಂಗಾತಿ ಕ್ಯಾಲಿಫೋರ್ನಿಯಾದ ನಿವಾಸಿ, ಆ ಅರ್ಧಕ್ಕೆ ಅಲ್ಲಿ ತೆರಿಗೆ. ವಾಷಿಂಗ್ಟನ್, ನೆವಾಡಾಗಳಲ್ಲೂ ಇದೇ ಪದ್ಧತಿ. ಬರುವುದಾದರೆ ಬೇಸಿಗೆ ರಜೆಯಲ್ಲಿ ಎಲ್ಲರೂ ಒಟ್ಟಿಗೆ ಬನ್ನಿ. ಇಲ್ಲಿ ಆಗಸ್ಟ್ ಮಧ್ಯದಲ್ಲಿ ಶಾಲೆ ಶುರುವಾಗುತ್ತದೆ.

ಅಲ್ಲಿನ ಮನೆ ಮಾರದೆ ಬಾಡಿಗೆಗೆ ಕೊಟ್ಟರೆ ಬಾಡಿಗೆಯ ಆದಾಯಕ್ಕೆ ಅಲ್ಲೇ ತೆರಿಗೆ. ಅದು ನ್ಯಾಯವೇ. ಸ್ವಂತ ವಾಸದ ಮನೆಯೆಂದು ಪಡೆದ ವಿನಾಯಿತಿಯನ್ನು ಮಾತ್ರ ಬರೆದು ರದ್ದು ಮಾಡಿಸಿ.

ಕಂಪನಿ ನ್ಯೂಯಾರ್ಕಿನದ್ದಾದರೆ

ಕ್ಯಾಲಿಫೋರ್ನಿಯಾ ಸಂಬಳದ ಮಟ್ಟಿಗೆ ನೀವು ಎಲ್ಲಿ ಕುಳಿತು ಕೆಲಸ ಮಾಡಿದಿರಿ ಎಂದು ನೋಡುತ್ತದೆ. ನ್ಯೂಯಾರ್ಕ್ ಹಾಗಲ್ಲ. ಕಂಪನಿಯ ಅಗತ್ಯಕ್ಕಲ್ಲದೆ ನಿಮ್ಮ ಅನುಕೂಲಕ್ಕೆ ಹೊರಗೆ ಕುಳಿತಿದ್ದರೆ ಅದನ್ನೂ ನ್ಯೂಯಾರ್ಕಿನ ಕೆಲಸವೆಂದೇ ಎಣಿಸುತ್ತದೆ. ಕಾರ್ಡೋಜೊ ಕಾನೂನು ಶಾಲೆಯ ಪ್ರೊಫೆಸರ್ ಎಡ್ವರ್ಡ್ ಝೆಲಿನ್‌ಸ್ಕಿ ಕನೆಕ್ಟಿಕಟ್‌ನ ಮನೆಯಲ್ಲಿ ಕೆಲಸ ಮಾಡಿದ ದಿನಗಳ ಬಗ್ಗೆ ದಾವೆ ಹೂಡಿ 2003ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯದಲ್ಲಿ ಸೋತರು. ಪೆನ್ಸಿಲ್ವೇನಿಯಾ, ಡೆಲಾವೇರ್‌ಗಳಲ್ಲೂ ಇಂಥದೇ ನಿಯಮವಿದೆ. ಮ್ಯಾನ್‌ಹ್ಯಾಟನ್ ಕಂಪನಿಗೆ ಫ್ಲಾರಿಡಾದಿಂದ ಕೆಲಸ ಮಾಡುವ ಆಲೋಚನೆ ಇದ್ದವರು ಮನೆ ನೋಡುವ ಮುಂಚೆ ಒಬ್ಬ ಸಿಪಿಎ (ಲೆಕ್ಕಪರಿಶೋಧಕ) ಹತ್ತಿರ ಕೂತು ಮಾತಾಡಿ.

ಬಂದ ಮೇಲೆ

ಕಾರಿನ ನೋಂದಣಿಗೆ 30 ದಿನ, ಡ್ರೈವಿಂಗ್ ಲೈಸೆನ್ಸಿಗೆ 90 ದಿನ ಸಮಯವಿದೆ. ಲೈಸೆನ್ಸ್ ಕಚೇರಿಯ ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲ, ಹೊರಡುವ ಮುಂಚೆಯೇ ಹಿಡಿಯಿರಿ. ಮನೆ ಕೊಂಡ ಮೇಲೆ, ಸ್ವಂತ ವಾಸದ ಮನೆಯ ಆಸ್ತಿ ತೆರಿಗೆಯಲ್ಲಿ ಸಿಗುವ ಹೋಮ್‌ಸ್ಟೆಡ್ ವಿನಾಯಿತಿಗೆ ಅರ್ಜಿ ಹಾಕಿ. ಲೈಸೆನ್ಸಿನ ವಿಳಾಸ ಮನೆಯ ವಿಳಾಸಕ್ಕೆ ತಾಳೆಯಾಗಬೇಕು. 2025ರಿಂದ ಸ್ಕೂಲ್ ಡಿಸ್ಟ್ರಿಕ್ಟ್ ತೆರಿಗೆಯ ಲೆಕ್ಕದಲ್ಲಿ ಮನೆಯ ಬೆಲೆಯಿಂದ 1,40,000 ಡಾಲರ್ ಕಳೆಯುತ್ತಾರೆ.

ಮೊದಲ ಪೇಸ್ಲಿಪ್ ಬಂದ ದಿನವೇ ನೋಡಿ. ಕ್ಯಾಲಿಫೋರ್ನಿಯಾ ತೆರಿಗೆಯ ಸಾಲು, ಎಸ್‌ಡಿಐ (ಅಲ್ಲಿನ ಅಶಕ್ತತೆ ವಿಮೆಯ ಕಡಿತ) ಸಾಲು ಎರಡೂ ಮಾಯವಾಗಿರಬೇಕು. ಇಲ್ಲದಿದ್ದರೆ ಅಂದೇ ಪೇರೋಲ್‌ಗೆ ಬರೆಯಿರಿ.

ಷೇರು ಸಿಗುವವರು ಇದನ್ನು ಎರಡು ಸಲ ಓದಿ. ಆರ್‌ಎಸ್‌ಯು (ಸಂಬಳದ ಭಾಗವಾಗಿ ಕಂಪನಿ ಕೊಡುವ ಷೇರು) ಕೊಟ್ಟ ದಿನದಿಂದ ವೆಸ್ಟ್ ಆಗುವ, ಅಂದರೆ ಪೂರ್ತಿ ನಿಮ್ಮದಾಗುವ, ದಿನದವರೆಗೆ ಎಷ್ಟು ಕೆಲಸದ ದಿನ ಕ್ಯಾಲಿಫೋರ್ನಿಯಾದಲ್ಲಿ ಕಳೆದಿರೋ ಅಷ್ಟು ಪಾಲು ಅಲ್ಲಿನ ಆದಾಯ. 2023ರ ಜನವರಿಯಲ್ಲಿ ಕೊಟ್ಟ ಷೇರು 2027ರ ಜನವರಿಯಲ್ಲಿ ವೆಸ್ಟ್ ಆಗುತ್ತದೆ, ನೀವು 2025ರ ಜನವರಿಯಲ್ಲಿ ಬಂದಿರಿ ಎಂದರೆ ಸುಮಾರು ಅರ್ಧಕ್ಕೆ ಅಲ್ಲಿ ತೆರಿಗೆ. ವೆಸ್ಟ್ ಆದ ಮೇಲೆ ಬೆಲೆ ಏರಿ, ಇಲ್ಲಿದ್ದಾಗ ಮಾರಿದರೆ ಆ ಲಾಭಕ್ಕೆ ಮಾತ್ರ ಅಲ್ಲಿನ ತೆರಿಗೆ ಇಲ್ಲ. ತಂಡದ ಭೇಟಿಗೆಂದು ಸ್ಯಾನ್ ಹೋಸೆಗೆ ಹೋಗಿ ಒಂದು ವಾರ ಕೆಲಸ ಮಾಡಿದರೆ ಆ ವಾರದ ಸಂಬಳವೂ ಅಲ್ಲಿನದೇ. ಅದಕ್ಕೇ ನಾನು ಕ್ಯಾಲೆಂಡರಿನಲ್ಲಿ ಪ್ರತಿ ಪ್ರಯಾಣವನ್ನೂ ಗುರುತು ಹಾಕಿ, ವಿಮಾನದ ಟಿಕೆಟ್ ಜೊತೆಗಿಟ್ಟಿರುತ್ತೇನೆ.

ಬಿಟ್ಟ ವರ್ಷಕ್ಕೂ, ಆಮೇಲೆ ಅಲ್ಲಿನ ಪಾಲು ಬರುವ ಪ್ರತಿ ವರ್ಷಕ್ಕೂ 540ಎನ್‌ಆರ್ (ಇಡೀ ವರ್ಷ ಅಲ್ಲಿ ವಾಸವಿಲ್ಲದವರ ಕ್ಯಾಲಿಫೋರ್ನಿಯಾ ತೆರಿಗೆ ರಿಟರ್ನ್) ಸಲ್ಲಿಸಿ. ದರ ನಿರ್ಧಾರವಾಗುವುದು ನಿಮ್ಮ ಇಡೀ ವರ್ಷದ ಒಟ್ಟು ಆದಾಯದ ಮೇಲೆ, ಆಮೇಲೆ ಅಲ್ಲಿನ ಪಾಲಿಗೆ ಹಂಚುತ್ತಾರೆ. ಸಲ್ಲಿಸಿದರೆ ಹೆಚ್ಚಿನ ತೆರಿಗೆ ಕೇಳಲು ಬೋರ್ಡಿಗೆ ಸಾಮಾನ್ಯವಾಗಿ ನಾಲ್ಕು ವರ್ಷದ ಗಡುವಿದೆ. ಸಲ್ಲಿಸದಿದ್ದರೆ ಗಡುವೇ ಇಲ್ಲ, ಎಷ್ಟು ವರ್ಷವಾದ ಮೇಲಾದರೂ ನೋಟಿಸ್ ಕಳಿಸಬಹುದು. ಹೊಸ ಮನೆಯ ಕರಾರು, ಸಾಮಾನು ಸಾಗಿಸಿದವರ ಬಿಲ್ಲು, ಹಳೆಯ ವಿದ್ಯುತ್ ಸಂಪರ್ಕ ಮುಗಿಸಿದ ಪತ್ರ, ಶಾಲೆಯ ವರ್ಗಾವಣೆ ಕಾಗದ, ಎಚ್‌ಆರ್‌ನ ಇಮೇಲ್ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಕೊನೆಯ 540ಎನ್‌ಆರ್ ಸಲ್ಲಿಸಿದ ದಿನದಿಂದ ಆ ನಾಲ್ಕು ವರ್ಷ ಎಣಿಸಿ.