ಒಂದೇ ಸೀಮೆಯ ಮೂರು ಕೆಂಪು ವೈನ್, ಜೊತೆಗೆ ಕೋರಿ ಸುಕ್ಕ

ಹಡಗಿನ ರೆಸ್ಟೋರೆಂಟಿನಲ್ಲಿ 7 ವರ್ಷ ವೈನ್ ಬಡಿಸಿದವ ನಾನು. ನಮ್ಮ ಹಡಗು ಇಟಲಿಯ ಸವೋನಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಬೆಟ್ಟ ದಾಟಿ ಒಳಗೆ ಹೋದರೆ ಪಿಯೆಮಾಂಟೆ ಸೀಮೆ, ಆಲ್ಬಾ ಊರು. ಸುತ್ತಲಿನ ಗುಡ್ಡದ ತುಂಬಾ ದ್ರಾಕ್ಷಿ. ಕೆಂಪು ವೈನಿಗೆ ಅಲ್ಲಿ ಹೆಸರಾದ ತಳಿ ಮೂರು: ದೊಲ್ಚೆತ್ತೊ, ಬಾರ್ಬೆರಾ, ನೆಬ್ಬಿಯೊಲೊ.

ಕಳೆದ ಸಲ ಊರಿಗೆ ಬರುವಾಗ ಒಂದೊಂದು ಬಾಟಲಿ ತಂದೆ. ಸುಂಕ ಕಟ್ಟದೆ ತರಲು ಒಬ್ಬರಿಗೆ 2 ಲೀಟರ್ ಮಾತ್ರ. ಮೂರು ಬಾಟಲಿ ಅಂದರೆ 2.25. ಪುಣ್ಯಕ್ಕೆ ಹೆಂಡತಿಯೂ ಜೊತೆಗಿದ್ದಳು, ಒಂದು ಬಾಟಲಿ ಅವಳ ಚೂಡಿದಾರದೊಳಗೆ ಸುತ್ತಿಕೊಂಡು ಬಂತು.

ಮಂಗಳೂರಿನ ಬಿಜೈಯ ನಮ್ಮ ಮನೆ, ಏಪ್ರಿಲ್ ಸೆಕೆ. ಸಂಜೆ 7 ಆದರೂ 31 ಡಿಗ್ರಿ. ಕೆಂಪು ವೈನನ್ನು ಫ್ರಿಜ್ಜಿಗೆ ಇಡಬಾರದು, ಕೋಣೆಯಲ್ಲಿ ಇದ್ದ ಹಾಗೆಯೇ ಕುಡಿಯಬೇಕು ಅಂತಾರೆ, ಅಲ್ವಾ? ಆ ಕೋಣೆ ಯುರೋಪಿನ ಹಳೇ ಕಲ್ಲುಮನೆಯದ್ದು, 16-18 ಡಿಗ್ರಿಯದ್ದು. ಇಷ್ಟು ವರ್ಷ ಎಸಿಯಲ್ಲಿ ಬಡಿಸಿದ ನನಗೇ ಅದು ಮರೆತುಹೋಗಿತ್ತು. ಬಿರಡೆ ತೆಗೆದು ಸುರಿದೆ. ಮೂರರಲ್ಲೂ ಬರೀ ಸ್ಪಿರಿಟ್ ವಾಸನೆ. ಭಾವ ಮೂಗು ಮುರಿದರು. "ಎಂತ ಮಾರಾಯ, ಕೆಮ್ಮಿನ ಸಿರಪ್ಪಾ ಇದು?" ಬಾಟಲಿಗಳನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಮತ್ತೆ ಶುರು ಮಾಡಿದೆವು.

ಗ್ಲಾಸಿನ ಹಿಂದೆ ಬಿಳಿ ಪಂಚೆ ಹಿಡಿದು ಮೊದಲು ಬಣ್ಣ ನೋಡಿದೆವು. ದೊಲ್ಚೆತ್ತೊ ನೇರಳೆಹಣ್ಣು ತಿಂದ ನಾಲಗೆಯ ಹಾಗೆ. ಬಾರ್ಬೆರಾ ಗಟ್ಟಿ ಪುನರ್ಪುಳಿ ರಸ. ನೆಬ್ಬಿಯೊಲೊ ಮಾತ್ರ ತೆಳು, ಅಂಚಿಗೆ ನಮ್ಮ ಮಂಗಳೂರು ಹಂಚಿನ ಬಣ್ಣ. "ಇದಕ್ಕೆ ನೀರು ಹಾಕಿದ್ದಾರೆ" ಅಂದರು ಭಾವ. ಅದು ಬರೊಲೊ, ನೆಬ್ಬಿಯೊಲೊ ದ್ರಾಕ್ಷಿಯಿಂದಲೇ ಮಾಡುವ ಹೆಸರಾದ ವೈನ್, ಮೂರರಲ್ಲಿ ಎಲ್ಲಕ್ಕಿಂತ ದುಬಾರಿ. ನಾನು ಸುಮ್ನೆ ಇದ್ದೆ. ಒಂದು ಗುಟುಕು ಕುಡಿದವರು ಕೆನ್ನೆ ಒಳಗೆಳೆದುಕೊಂಡು ಕೂತರು. ಸರಿಯಾಗಿ ಹಣ್ಣಾಗದ ಗೇರುಹಣ್ಣು ಕಚ್ಚಿದಾಗ ಬಾಯಿ ಕಟ್ಟುತ್ತದಲ್ಲ, ಅದೇ ಒಗರು. ಜೊತೆಗೆ ಹುಳಿಯೂ ಜಾಸ್ತಿ. ಬಣ್ಣ ನೋಡಿ ವೈನಿನ ಗಟ್ಟಿತನ ಅಳೆಯುವವರಿಗೆ ಈ ತಳಿ ಚೆನ್ನಾಗಿ ಟೋಪಿ ಹಾಕುತ್ತದೆ.

ದೊಲ್ಚೆತ್ತೊ ಅಂದರೆ ಅವರ ಭಾಷೆಯಲ್ಲಿ ಪುಟ್ಟ ಸಿಹಿ. ವೈನಿನಲ್ಲಿ ಸಿಹಿ ಏನೂ ಇಲ್ಲ. ಹುಳಿ ಕಡಿಮೆ, ಕೊನೆಗೆ ಬಾದಾಮಿ ಸಿಪ್ಪೆಯಂಥ ಸಣ್ಣ ಕಹಿ. ಮೂರರಲ್ಲಿ ಮೊದಲು ಹಣ್ಣಾಗುವುದು ಇದೇ, ತಂಪು ಜಾಗದಲ್ಲೂ ಬೆಳೆಯುತ್ತದೆ. ನೆಬ್ಬಿಯೊಲೊ ಕೊಯ್ಲು ಎಲ್ಲದರ ಕೊನೆಗೆ, ಅಕ್ಟೋಬರ್ ಹೊತ್ತಿಗೆ, ಗುಡ್ಡಕ್ಕೆ ಮಂಜು ಇಳಿಯುವ ಕಾಲ. ಹಾಗಾಗಿ ಬಿಸಿಲು ಬೀಳುವ ಒಳ್ಳೇ ಇಳಿಜಾರನ್ನೆಲ್ಲ ಅದಕ್ಕೇ ಬಿಡುತ್ತಾರೆ. ಮೇಲಿಂದ ಬರೊಲೊ ಅನ್ನಿಸಿಕೊಳ್ಳಲು 38 ತಿಂಗಳು ಕಾಯಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬೆಲೆ ಏರದೆ ಇನ್ನೇನು?

ಆದರೆ ಅಮ್ಮ ಕೋರಿ ಸುಕ್ಕ ತಂದಿಟ್ಟ ಮೇಲೆ ಲೆಕ್ಕ ತಲೆಕೆಳಗಾಯಿತು. ಬ್ಯಾಡಗಿ ಮೆಣಸಿನ ಖಾರಕ್ಕೆ ಬರೊಲೊದ ಒಗರು ಸೇರಿ ನಾಲಗೆ ಉರಿದೇ ಹೋಯಿತು. ಖಾರ ಇದ್ದಲ್ಲಿ ಒಗರೂ ಆಲ್ಕೋಹಾಲೂ ಎರಡರಷ್ಟು ಅನ್ನಿಸುತ್ತವೆ. ಹಡಗಿನಲ್ಲಿ ಅತಿಥಿಗಳಿಗೆ ನಾನೇ ಹೇಳುತ್ತಿದ್ದ ಮಾತು, ನನ್ನ ಮನೆಯಲ್ಲಿ ನನಗೇ ನೆನಪಾಗಲಿಲ್ಲ. ದೊಲ್ಚೆತ್ತೊ ಮಸಾಲೆಯಲ್ಲಿ ಕಳೆದುಹೋಯಿತು. ಗೆದ್ದದ್ದು ಬಾರ್ಬೆರಾ. ಅದರಲ್ಲಿ ಒಗರು ಕಡಿಮೆ, ಹುಳಿ ಜೋರು. ಕೋಳಿಯ ಜಿಡ್ಡು, ಕಾಯಿತುರಿಯ ಎಣ್ಣೆ ಎಲ್ಲ ಒಂದೇ ಗುಟುಕಿಗೆ ತೊಳೆದುಹೋಗಿ ಮುಂದಿನ ತುತ್ತಿಗೆ ಬಾಯಿ ತಯಾರು. ಸುಕ್ಕದ ಮೇಲೆ ಲಿಂಬೆ ಹಿಂಡುವುದು ಯಾಕೆ, ಇದಕ್ಕೇ ಅಲ್ವಾ? ಆ ಬಾಟಲಿ ಮೊದಲು ಖಾಲಿಯಾಯಿತು. ಊರಿನ ಊಟಕ್ಕೆ ಒಂದನ್ನೇ ಆರಿಸು ಅಂದರೆ ಇನ್ನು ನನ್ನ ಕೈ ಅದರ ಕಡೆಗೇ.

ಬರೊಲೊ ಅರ್ಧ ಉಳಿಯಿತು. ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಮೂರನೇ ದಿನ ಊಟಕ್ಕೂ ಮೊದಲು, ಬರೇ ಗ್ಲಾಸಿಗೆ ಹಾಕಿ ಹತ್ತು ನಿಮಿಷ ಬಿಟ್ಟೆ. ಗಾಳಿ ತಾಗಿ ಒಗರು ಮೆತ್ತಗಾಗಿತ್ತು. ಈ ವೈನಿಗೆ ಗುಲಾಬಿ ಮತ್ತು ಡಾಂಬರಿನ ಘಮ ಅಂತ ಹೇಳುವುದುಂಟು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ವೈನ್ ಮುಟ್ಟದ ಅಮ್ಮ ಗ್ಲಾಸ್ ಮೂಸಿ ನೋಡಿ, "ದೇವರ ಕೋಣೆಯ ನಿನ್ನೆಯ ಗುಲಾಬಿ" ಅಂದರು. ಭಾವ ಗ್ಲಾಸ್ ಇಸಕೊಂಡು ಮೂಸಿದರು. "ಎಂತ ಗುಲಾಬಿ? ರಸ್ತೆ ರಿಪೇರಿ ವಾಸನೆ."