ಫ್ಯಾಂಟಮ್ ಕಾಮಿಕ್ಸ್ ಸಂಗ್ರಹ: ಪ್ರಕಟಣೆಯ ಜಾಡು ತಿಳಿದು ಪ್ರತಿಗಳನ್ನು ಆಯ್ದುಕೊಳ್ಳುವ ಬಗೆ

ಸೂಪರ್‌ಹೀರೋ ಕಾಮಿಕ್ಸ್ ಕೂಡಿಡುವವರ ನಡುವೆ ಒಂದು ನಿಯಮ ರೂಢಿಯಲ್ಲಿದೆ: ನಾಯಕನು ಮೊತ್ತಮೊದಲು ಕಾಣಿಸಿಕೊಂಡ ಸಂಚಿಕೆಗೇ ಎಲ್ಲಕ್ಕಿಂತ ಹೆಚ್ಚು ಬೆಲೆ. ಸೂಪರ್‌ಮ್ಯಾನ್‌ಗೆ 1938ರ ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆ, ಸ್ಪೈಡರ್‌ಮ್ಯಾನ್‌ಗೆ 1962ರ ಅಮೇಜಿಂಗ್ ಫ್ಯಾಂಟಸಿಯ 15ನೆಯ ಸಂಚಿಕೆ ಹೀಗೆ ಪೂಜ್ಯವಾಗಿ ಉಳಿದಿವೆ. ಫ್ಯಾಂಟಮ್‌ನ ವಿಷಯದಲ್ಲಿ ಈ ನಿಯಮ ನಡೆಯುವುದಿಲ್ಲ. ಅವನು ಹುಟ್ಟಿದ್ದು ಕಾಮಿಕ್ ಪುಸ್ತಕದಲ್ಲಲ್ಲ, ದಿನಪತ್ರಿಕೆಯ ಚಿತ್ರಪಟ್ಟಿಯಲ್ಲಿ. ನಮ್ಮ ಕೈಗೆ ಸಿಗುವ ಫ್ಯಾಂಟಮ್ ಪುಸ್ತಕಗಳಲ್ಲಿ ಬಹುಪಾಲು ಆ ಪಟ್ಟಿಗಳನ್ನು ಕತ್ತರಿಸಿ, ಮರುಜೋಡಿಸಿ, ಬಣ್ಣ ಬಳಿದು, ಬೇರೆ ಬೇರೆ ಭಾಷೆಗಳಲ್ಲಿ ಅಚ್ಚು ಹಾಕಿದ ಮರುಮುದ್ರಣಗಳು. ಆದ್ದರಿಂದ ಈ ಸಂಗ್ರಹಕ್ಕೆ ಕೈಹಾಕುವವರು ‘ಮೊದಲನೆಯದು ಯಾವುದು’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಕೈಯಲ್ಲಿರುವ ಪ್ರತಿಯ ಕಥೆ ಮೂಲದಲ್ಲಿ ಯಾವುದು, ಈ ಆವೃತ್ತಿ ಅದಕ್ಕೆ ಏನು ಮಾಡಿದೆ, ಈ ಪ್ರತಿ ಎಷ್ಟು ಪೂರ್ಣವಾಗಿ ಉಳಿದಿದೆ ಎಂದು ಈ ಕ್ರಮದಲ್ಲೇ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಮೂಲದ ಕಾಲಾನುಕ್ರಮ ಹೀಗಿದೆ. ಅಮೆರಿಕದ ಲೀ ಫಾಕ್ ಬರೆದ ಫ್ಯಾಂಟಮ್ ದಿನಪಟ್ಟಿ 1936ರ ಫೆಬ್ರವರಿ 17ರಂದು ಆರಂಭವಾಯಿತು. ಕಿಂಗ್ ಫೀಚರ್ಸ್ ಸಂಸ್ಥೆ ಅದನ್ನು ಪತ್ರಿಕೆಗಳಿಗೆ ಹಂಚುತ್ತಿತ್ತು. ಬಣ್ಣದ ಭಾನುವಾರದ ಪಟ್ಟಿ ಸೇರಿದ್ದು 1939ರ ಮೇ 28ರಂದು. ಮೈಗಂಟಿದ ಉಡುಪು ಮತ್ತು ಕಣ್ಣುಗುಡ್ಡೆ ಕಾಣಿಸದ ಮುಖವಾಡ, ಇವೆರಡೂ ಸೂಪರ್‌ಮ್ಯಾನ್ ಮತ್ತು ಬ್ಯಾಟ್‌ಮ್ಯಾನ್ ಬರುವ ಮೊದಲೇ ಇಲ್ಲಿದ್ದವು. ಚಿತ್ರಕಾರರ ಮೂರು ಹೆಸರುಗಳು ಸಂಗ್ರಾಹಕರಿಗೆ ಬಾಯಿಪಾಠವಾಗಿರಬೇಕು. ಮೊದಲಿಗ ರೇ ಮೂರ್ ನೆರಳು ತುಂಬಿದ, ಕಪ್ಪು ಮಸಿ ಹೆಚ್ಚಾಗಿರುವ ಚಿತ್ರಗಳನ್ನು ಬರೆದರು. ಅನಂತರ ಬಂದ ವಿಲ್ಸನ್ ಮೆಕಾಯ್ ಅವರ ಗೆರೆ ಸರಳ, ಮುಖಗಳು ಹೆಚ್ಚುಕಡಿಮೆ ವ್ಯಂಗ್ಯಚಿತ್ರದ ಹಾಗೆ. 1961ರಿಂದ 1994ರವರೆಗೆ ಬರೆದ ಸೈ ಬ್ಯಾರಿ ಅವರದ್ದು ಅಂಗಸೌಷ್ಠವ ತಪ್ಪದ, ವಾಸ್ತವಕ್ಕೆ ಹತ್ತಿರವಾದ ಶೈಲಿ. ನಮ್ಮಲ್ಲಿ ಹೆಚ್ಚಿನವರ ನೆನಪಿನಲ್ಲಿರುವ ಫ್ಯಾಂಟಮ್ ಇವರ ಫ್ಯಾಂಟಮ್. ಪುಸ್ತಕಗಳಲ್ಲಿ ಮೂಲ ಪಟ್ಟಿಯ ದಿನಾಂಕವನ್ನು ಸಾಮಾನ್ಯವಾಗಿ ಅಳಿಸಿರುವುದರಿಂದ, ಕಥೆಯ ಕಾಲವನ್ನು ಅಂದಾಜು ಮಾಡಲು ಈ ಮೂರು ಕೈಗಳನ್ನು ಗುರುತಿಸುವ ಕಣ್ಣೇ ಮೊದಲ ಸಾಧನ. ಕಥೆಯೊಳಗೂ ಒಂದು ಗಡಿಗಲ್ಲು ಇದೆ: ಫ್ಯಾಂಟಮ್ ಮತ್ತು ಡಯಾನಾ ಪಾಮರ್ ಅವರ ಮದುವೆ ನಡೆದದ್ದು 1977ರಲ್ಲಿ. ಡಯಾನಾ ಹೆಂಡತಿಯಾಗಿರುವ ಕಥೆ ಅದಕ್ಕಿಂತ ಹಳೆಯದಾಗಿರಲಾರದು. ಲೀ ಫಾಕ್ 1999ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದರು.

ಅಮೆರಿಕದಲ್ಲಿ ಫ್ಯಾಂಟಮ್ ಪುಸ್ತಕಗಳ ದಾರಿ ಅಂಕುಡೊಂಕು. 1962ರಲ್ಲಿ ಗೋಲ್ಡ್ ಕೀ ಆರಂಭಿಸಿದ ಮಾಲಿಕೆ 17 ಸಂಚಿಕೆಗಳಿಗೆ ನಿಂತಿತು; ಅದೇ ಕ್ರಮಸಂಖ್ಯೆಯನ್ನು ಮುಂದುವರಿಸಿ ಕಿಂಗ್ ಕಾಮಿಕ್ಸ್ 18ರಿಂದ 28ರವರೆಗೆ ಹೊರತಂದಿತು; ಬಳಿಕ ಚಾರ್ಲ್‌ಟನ್ 30ರಿಂದ 74ರವರೆಗೆ, 1977ರ ತನಕ ನಡೆಸಿತು. ಅಲ್ಲಿ 29ನೆಯ ಸಂಚಿಕೆ ಪ್ರಕಟವಾಗಲೇ ಇಲ್ಲ. ಅದನ್ನು ಹುಡುಕಿ ಸಮಯ ಕಳೆಯಬಾರದು, ಯಾರಾದರೂ ತಮ್ಮಲ್ಲಿದೆ ಎಂದರೆ ನಂಬಲೂಬಾರದು. ಫ್ಯಾಂಟಮ್‌ಗೆ ನಿಜವಾದ ಮನೆ ಸಿಕ್ಕಿದ್ದು ಹೊರದೇಶಗಳಲ್ಲಿ. ಆಸ್ಟ್ರೇಲಿಯಾದ ಫ್ರೂ ಸಂಸ್ಥೆ 1948ರಲ್ಲಿ ಶುರುಮಾಡಿದ ಮಾಲಿಕೆ ಇಂದಿಗೂ ನಿಂತಿಲ್ಲ. ಸ್ವೀಡನ್ನಿನ ಫ್ಯಾಂಟೋಮೆನ್ 1950ರಿಂದ ಬರುತ್ತಿದ್ದು, 1960ರ ದಶಕದಿಂದ ಪತ್ರಿಕಾ ಪಟ್ಟಿಗಳನ್ನಷ್ಟೇ ನೆಚ್ಚದೆ ತನ್ನವೇ ಹೊಸ ಕಥೆಗಳನ್ನು ಬರೆಸುತ್ತಾ ಬಂದಿದೆ. ಉಡುಪಿನ ಬಣ್ಣ ನೇರಳೆಯ ಬದಲು ಅಲ್ಲಿ ನೀಲಿ, ಇಟಲಿಯಲ್ಲಿ ಕೆಂಪು. ಬಣ್ಣ ಬೇರೆ ಕಂಡ ಮಾತ್ರಕ್ಕೆ ಪ್ರತಿ ನಕಲಿ ಎಂದು ತಳ್ಳಿಹಾಕಬೇಕಾಗಿಲ್ಲ. ಫ್ರೂ ತನ್ನ ಹಳೆಯ ಸಂಚಿಕೆಗಳ ಪ್ರತಿರೂಪ ಮುದ್ರಣಗಳನ್ನು ತಾನೇ ಹೊರತಂದಿರುವುದರಿಂದ, ಆಸ್ಟ್ರೇಲಿಯಾದ ‘ಮೊದಲ ಸಂಚಿಕೆ’ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಒಳಪುಟಗಳ ಸಣ್ಣಕ್ಷರಗಳನ್ನು ಓದಬೇಕು.

ಇನ್ನು ನಮ್ಮ ಕಡೆಯ ಮಾತು. ಭಾರತದ ಓದುಗರಿಗೆ ಫ್ಯಾಂಟಮ್ ಮೊದಲು ಸಿಕ್ಕಿದ್ದು ಇಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾದ ಪುಟಗಳಲ್ಲಿ. ಅದೇ ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭಿಸಿತು. ಫ್ಯಾಂಟಮ್‌ನ ಬೆಲ್ಟ್‌ನ ಕಥೆ ಅದರ ಮೊದಲ ಸಂಚಿಕೆ. ಮೊದಲ 32 ಸಂಚಿಕೆಗಳು ಪೂರ್ತಿ ಫ್ಯಾಂಟಮ್‌ಗೇ ಮೀಸಲಾಗಿದ್ದವು. ಆಮೇಲೆ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ, 1976ರಿಂದ ಆಬಿದ್ ಸುರ್ತಿ ಅವರ ಬಹಾದೂರ್ ಜೊತೆಗೂಡಿದರು. 1990ರಲ್ಲಿ ಮಾಲಿಕೆ ನಿಲ್ಲುವ ಹೊತ್ತಿಗೆ ಸಂಚಿಕೆಗಳ ಎಣಿಕೆ 803 ತಲುಪಿತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಫ್ಯಾಂಟಮ್ ಕಥೆಗಳು. ಕ್ರಮಸಂಖ್ಯೆ ಒಂದೇ ಸಮನೆ ನಡೆಯದೆ, ನಾನೂರರ ಗಡಿ ದಾಟಿದ ಮೇಲೆ ಸಂಪುಟ ಮತ್ತು ಸಂಚಿಕೆ ಎಂಬ ಜೋಡಿ ಎಣಿಕೆಗೆ ತಿರುಗುತ್ತದೆ. ಹೊಸಬರು ಬರೆದಿಡುವ ಸಂಚಿಕೆಗಳ ಯಾದಿ ಹೆಚ್ಚಾಗಿ ಗೋಜಲಾಗುವುದು ಇಲ್ಲಿಯೇ. ಎರಡು ಬಗೆಯ ಎಣಿಕೆಗೆ ಎರಡು ಬೇರೆ ಕಾಲಮ್ ಇಡುವುದು ಒಳ್ಳೆಯದು.

ಇಂದ್ರಜಾಲ ಮೂಲಕ್ಕೆ ಮಾಡಿದ ಬದಲಾವಣೆಗಳನ್ನು ಕೆಲವರು ದೋಷವೆಂದು ಮೂಗು ಮುರಿಯುತ್ತಾರೆ. ಸಂಗ್ರಹದ ದೃಷ್ಟಿಯಿಂದ ನೋಡಿದರೆ ಆ ಬದಲಾವಣೆಗಳೇ ಈ ಆವೃತ್ತಿಗೆ ಅದರದೇ ಮುಖ ಕೊಟ್ಟಿವೆ. ಫ್ಯಾಂಟಮ್‌ನ ನಾಡು ಬಂಗಾಲ್ಲ ನಮ್ಮ ಬಂಗಾಳದ ಹೆಸರನ್ನು ಹೋಲುತ್ತಿದ್ದುದರಿಂದ ಇಂದ್ರಜಾಲದಲ್ಲಿ ಅದು ಡೆಂಕಾಲಿಯಾಯಿತು. ಸಿಂಗ್ ಕಡಲ್ಗಳ್ಳರ ಕೂಟ ಇಲ್ಲಿನ ಒಂದು ಸಮುದಾಯದ ಹೆಸರಿಗೆ ತಾಗದಿರಲೆಂದು ಸಿಂಗ ಎಂದಾಯಿತು. ಅಡ್ಡಲಾಗಿ ಓದುವ ದಿನಪಟ್ಟಿಯ ಚೌಕಗಳನ್ನು ಉದ್ದನೆಯ ಪುಟಕ್ಕೆ ಹೊಂದಿಸಲು ಕೆಲವನ್ನು ಹಿಗ್ಗಿಸಿದರು, ಕೆಲವನ್ನು ಕೈಬಿಟ್ಟರು. ಆರಂಭದ ಸಂಚಿಕೆಗಳಲ್ಲಿ ಕಥೆಯನ್ನು ಗಿಡ್ಡ ಮಾಡಿ, ಉಳಿದ ಪುಟಗಳಲ್ಲಿ ಸಾಮಾನ್ಯಜ್ಞಾನದಂಥ ಸಾಮಗ್ರಿ ತುಂಬುತ್ತಿದ್ದರು. ಹರ್ಮೀಸ್ ಪ್ರೆಸ್ 2010ರಿಂದ ಹೊರತರುತ್ತಿರುವ ಮೂಲ ಪಟ್ಟಿಗಳ ಸಂಪುಟಗಳಲ್ಲಿ ಒಂದನ್ನಾದರೂ ಬಳಿಯಿಟ್ಟುಕೊಂಡು, ಒಂದು ಇಂದ್ರಜಾಲ ಸಂಚಿಕೆಯನ್ನು ಚೌಕ ಚೌಕವಾಗಿ ಹೋಲಿಸಿ ನೋಡಿದವರಿಗೆ ಈ ಕತ್ತರಿಯ ಕೆಲಸ ಎಷ್ಟೆಂದು ಅರ್ಥವಾಗುತ್ತದೆ. ಇನ್ನು ಮುಖಪುಟಗಳು: ಮೊದಲ ಹಲವು ಸಂಚಿಕೆಗಳಿಗೆ ಬಿ. ಗೋವಿಂದ್ ಅವರು ಇಲ್ಲಿಯೇ ಬರೆದ ವರ್ಣಚಿತ್ರಗಳು ಯಾವ ಅಮೆರಿಕನ್ ಪಟ್ಟಿಯಲ್ಲೂ ಇಲ್ಲ. ಒಳಗಿನ ಕಥೆಯನ್ನು ಬೇರೆ ಕಡೆ ಇನ್ನೂ ಪೂರ್ಣವಾಗಿ ಓದಬಹುದು, ಆದರೆ ಆ ಮುಖಪುಟ ಬೇಕೆಂದರೆ ಇಂದ್ರಜಾಲವನ್ನೇ ಕೊಳ್ಳಬೇಕು. ಹಾಗಾಗಿ ಮುಖಪುಟ ಹರಿದುಹೋದ ಆರಂಭದ ಸಂಚಿಕೆಗೆ ಹೆಚ್ಚು ಹಣ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇಂದ್ರಜಾಲ ಇಂಗ್ಲಿಷ್, ಹಿಂದಿ, ಮರಾಠಿ, ಬಂಗಾಳಿ, ತಮಿಳು, ಮಲಯಾಳದಂತೆ ಕನ್ನಡದಲ್ಲೂ ಬಂದಿತ್ತು. ಕನ್ನಡ ಆವೃತ್ತಿ 1964ರಿಂದಲೇ ಇದ್ದದ್ದಲ್ಲ, ತಡವಾಗಿ ಸೇರಿಕೊಂಡದ್ದು. ಆದಕಾರಣ ಇಂಗ್ಲಿಷಿನ ಮೊದಲ ಸಂಚಿಕೆಗೆ ಕನ್ನಡದ ಜೋಡಿ ಹುಡುಕುವುದು ವ್ಯರ್ಥ. ಕನ್ನಡಿಗ ಸಂಗ್ರಾಹಕರಿಗೆ ನನ್ನ ಸಲಹೆ ಇಷ್ಟು: ಇಂಗ್ಲಿಷ್ ಪ್ರತಿಗಳನ್ನು ದೇಶದ ತುಂಬ ಜನ ಹುಡುಕುತ್ತಿದ್ದಾರೆ, ಅವುಗಳ ಸಂಚಿಕೆಗಳ ಯಾದಿಗಳೂ ಸಿದ್ಧವಾಗಿವೆ, ಕನ್ನಡ ಪ್ರತಿಗಳನ್ನು ಕನ್ನಡದವರಲ್ಲದೆ ಬೇರೆ ಯಾರೂ ಎತ್ತಿಡುವುದಿಲ್ಲ. ಒಂದೇ ಕಥೆ ಎರಡು ಭಾಷೆಯಲ್ಲಿ ಸಿಕ್ಕಿ, ಕೈಯಲ್ಲಿರುವ ಹಣ ಒಂದಕ್ಕೆ ಮಾತ್ರ ಸಾಕಾಗುವುದಾದರೆ, ಸ್ಥಿತಿ ಸ್ವಲ್ಪ ಕಡಿಮೆಯಿದ್ದರೂ ಕನ್ನಡದ್ದನ್ನೇ ಕೊಳ್ಳಬೇಕು.

ಹುಡುಕುವ ಜಾಗಗಳಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳು, ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕಗಳನ್ನೂ ಇಡುವ ಮಳಿಗೆಗಳು ಎಲ್ಲರಿಗೂ ಗೊತ್ತಿರುವವೇ. ಆದರೆ ಕನ್ನಡ ಪ್ರತಿಗಳ ಮಟ್ಟಿಗೆ ಜಿಲ್ಲೆ, ತಾಲ್ಲೂಕು ಕೇಂದ್ರಗಳ ರದ್ದಿ ಅಂಗಡಿಗಳೂ ಮುಚ್ಚಿಹೋದ ಬಾಡಿಗೆ ಪುಸ್ತಕದ ಅಂಗಡಿಗಳ ದಾಸ್ತಾನೂ ಹೆಚ್ಚು ಫಲ ಕೊಡಬಲ್ಲವು. ರದ್ದಿ ಅಂಗಡಿಯವರಿಗೆ ಕಾಮಿಕ್ಸ್ ಬಂದಾಗ ತೂಕಕ್ಕೆ ಹಾಕುವ ಮೊದಲು ತಿಳಿಸಿರೆಂದು ಹೇಳಿ ಫೋನ್ ನಂಬರ್ ಕೊಟ್ಟಿಡುವುದು, ಭಾನುವಾರ ಭಾನುವಾರ ಅಲೆಯುವುದಕ್ಕಿಂತ ಮೇಲು.

ಪ್ರತಿಯನ್ನು ಕೈಗೆ ತೆಗೆದುಕೊಂಡಾಗ ಮೊದಲು ನಡುಪುಟ ಬಿಡಿಸಿ ನೋಡಬೇಕು. ಪಿನ್ನು ಹೊಡೆದ ಪುಸ್ತಕದಲ್ಲಿ ಮೊದಲು ಕಳಚಿ ಬೀಳುವುದು ನಡುವಿನ ಹಾಳೆ. ಅದು ಹೋದರೆ ಒಮ್ಮೆಗೇ ನಾಲ್ಕು ಪುಟ ಹೋದ ಹಾಗೆ. ಬಳಿಕ ಪುಟಗಳನ್ನು ಒಂದೊಂದಾಗಿ ಎಣಿಸಬೇಕು. ಮಕ್ಕಳು ಸ್ಪರ್ಧೆಯ ಕೂಪನ್ ಕತ್ತರಿಸಿರಬಹುದು, ಹಿಂಬದಿಯ ಪೋಸ್ಟರ್ ಕಿತ್ತು ಗೋಡೆಗೆ ಅಂಟಿಸಿರಬಹುದು, ಪದಬಂಧ ತುಂಬಿರಬಹುದು. ಪಿನ್ನಿನ ಸುತ್ತ ತುಕ್ಕಿನ ಕಲೆ ಕಾಗದವನ್ನು ತಿಂದಿದೆಯೇ ಎಂದು ಬೆರಳಿನಿಂದ ಮುಟ್ಟಿ ತಿಳಿಯಬೇಕು. ನಮ್ಮಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಬೈಂಡ್ ಮಾಡಿಸಿದ ಪ್ರತಿಗಳು. ಮನೆಮನೆಗಳಲ್ಲೂ ಬಾಡಿಗೆ ಅಂಗಡಿಗಳಲ್ಲೂ ಹತ್ತಿಪ್ಪತ್ತು ಸಂಚಿಕೆಗಳನ್ನು ಸೇರಿಸಿ ರಟ್ಟು ಹಾಕಿಸುವ ರೂಢಿಯಿತ್ತು. ಬೈಂಡರ್ ಅಂಚು ಸಮ ಮಾಡಲು ಮೂರು ಕಡೆ ಕತ್ತರಿಸಿರುತ್ತಾನೆ, ಕೆಲವೊಮ್ಮೆ ಮುಖಪುಟಗಳನ್ನೇ ಬಿಸಾಡಿರುತ್ತಾನೆ. ಇಂಥ ಸಂಪುಟದಿಂದ ಬಿಡಿಸಿ ಬಿಡಿಯಾಗಿ ಮಾರುವ ಪ್ರತಿಯಲ್ಲಿ ಬೆನ್ನಿನ ಬಳಿ ಹೊಲಿಗೆಯ ತೂತುಗಳಿರುತ್ತವೆ, ಅಳತೆ ಒಂದಿಷ್ಟು ಕಡಿಮೆಯಿರುತ್ತದೆ. ಅನುಮಾನವಿಲ್ಲದ ಒಂದು ಪ್ರತಿಯ ಅಳತೆಯನ್ನು ಬರೆದಿಟ್ಟುಕೊಂಡು ಜೇಬಿನಲ್ಲಿ ಪುಟ್ಟ ಅಳತೆಪಟ್ಟಿ ಇಟ್ಟುಕೊಂಡರೆ ಇದು ಕ್ಷಣದಲ್ಲಿ ತಿಳಿಯುತ್ತದೆ. ಇಡೀ ಸಂಪುಟವೇ ಸಿಕ್ಕಿದರೆ ಅದನ್ನು ಬಿಚ್ಚದೆ ಹಾಗೆಯೇ ಉಳಿಸಿಕೊಳ್ಳುವುದು ಲೇಸು. ಒಣಗಿದ ಅಂಟಿನಿಂದ ಹಾಳೆ ಎಳೆದರೆ ಹರಿಯುವುದೇ ಹೆಚ್ಚು.

ಬೆಲೆ ಏರಿದಂತೆ ಕಲರ್ ಜೆರಾಕ್ಸ್ ಮುಖಪುಟ ಹಾಕಿದ ಪ್ರತಿಗಳು ತಲೆಯೆತ್ತುವುದು ಸಹಜ. ಭೂತಗನ್ನಡಿಯಲ್ಲಿ ನೋಡಿದಾಗ ಹಳೆಯ ಆಫ್‌ಸೆಟ್ ಮುದ್ರಣದ ಬಣ್ಣ ಕ್ರಮಬದ್ಧ ಚುಕ್ಕೆಗಳಾಗಿ ಕಾಣುತ್ತದೆ. ಮನೆ ಪ್ರಿಂಟರಿನ ಬಣ್ಣ ಗೊತ್ತುಗುರಿಯಿಲ್ಲದ ಸಿಂಪರಣೆಯಂತಿರುತ್ತದೆ. ಇನ್ನೊಂದು ಪರೀಕ್ಷೆ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚಿನದು. ಇಂದಿನ ಬಿಳಿ ಕಾಗದದಲ್ಲಿ ಹೊಳಪಿನ ರಾಸಾಯನಿಕ ಇರುವುದರಿಂದ ಆ ಬೆಳಕಿಗೆ ನೀಲಿಯಾಗಿ ಬೆಳಗುತ್ತದೆ, ಹಳೆಯ ನ್ಯೂಸ್‌ಪ್ರಿಂಟ್ ಮಂಕಾಗಿಯೇ ಉಳಿಯುತ್ತದೆ. ಹೊರಗಿನ ಹಾಳೆ ಮಾತ್ರ ಬೆಳಗಿ ಒಳಪುಟಗಳು ಮಂಕಾಗಿದ್ದರೆ ಮುಖಪುಟವನ್ನು ಇನ್ನೊಮ್ಮೆ ಸೂಕ್ಷ್ಮವಾಗಿ ನೋಡಬೇಕು.

ಬೆಲೆಯ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ಆನ್‌ಲೈನ್‌ನಲ್ಲಿ ಮಾರುವವರು ಕೇಳುವ ಬೆಲೆ ಕೇವಲ ಆಸೆ. ನಿಜವಾಗಿ ಮಾರಾಟವಾದ ಬೆಲೆಗಳನ್ನು ಕೆಲವು ತಿಂಗಳು ಗಮನಿಸಿದ ಮೇಲೆಯೇ ದೊಡ್ಡ ಖರೀದಿಗೆ ಇಳಿಯಬೇಕು.

ಕೂಡಿಡುವುದಕ್ಕಿಂತ ಕಾಪಾಡುವುದು ಕಷ್ಟ. ನ್ಯೂಸ್‌ಪ್ರಿಂಟ್ ಮರದ ತಿರುಳಿನಿಂದಾದದ್ದು. ಅದರಲ್ಲಿ ಉಳಿಯುವ, ಲಿಗ್ನಿನ್ ಎಂಬ ಮರದ ಅಂಶ ಬೆಳಕು ಮತ್ತು ಗಾಳಿಗೆ ಹಳದಿಯಾಗಿ, ಕಾಗದದ ಆಮ್ಲವೇ ಅದನ್ನು ಮುರುಕಲಾಗಿಸುತ್ತದೆ. ಇದನ್ನು ನಿಧಾನಗೊಳಿಸಬಹುದು, ನಿಲ್ಲಿಸಲಾಗದು. ಪ್ರತಿಯೊಂದನ್ನೂ ಪಾಲಿಪ್ರಾಪಿಲೀನ್ ಅಥವಾ, ಹಣವಿದ್ದರೆ, ಪಾಲಿಯೆಸ್ಟರ್ ಚೀಲದಲ್ಲಿಟ್ಟು ಹಿಂದೆ ಆಮ್ಲರಹಿತ ರಟ್ಟು ಕೊಡಬೇಕು. ಪಿವಿಸಿ ಹೊದಿಕೆ ಕಾಲಕ್ರಮೇಣ ಅಂಟಂಟಾಗುವುದರಿಂದ ಬೇಡ. ಲ್ಯಾಮಿನೇಷನ್ ಮಾಡಿಸುವುದು ಮತ್ತು ಹರಿದಲ್ಲಿ ಸೆಲ್ಲೋಟೇಪ್ ಹಚ್ಚುವುದು, ಇವೆರಡರಿಂದ ಹಾಳಾದ ಪ್ರತಿಗಳು ಗೆದ್ದಲು ತಿಂದವುಗಳಿಗಿಂತ ಹೆಚ್ಚಿರಬಹುದೆಂದು ನನಗೆ ಅನ್ನಿಸುತ್ತದೆ. ಕರಾವಳಿ ಮತ್ತು ಮಲೆನಾಡಿನವರು ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟನ್ನು ತಪ್ಪಿಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅದನ್ನು ಆಗಾಗ ಬದಲಿಸಬೇಕು. ಪ್ರತಿ ಒದ್ದೆಯಾಗಿದ್ದರೆ ಚೀಲಕ್ಕೆ ಹಾಕುವ ಮೊದಲು ನೆರಳಿನಲ್ಲಿ ಗಾಳಿಗೆ ಆರಿಸಬೇಕು, ಬಿಸಿಲಿಗೆ ಹಾಕಬಾರದು. ರದ್ದಿ ಅಂಗಡಿಯಿಂದ ತಂದದ್ದನ್ನು ಹುಳು, ಬೂಷ್ಟು ಇಲ್ಲವೆಂದು ಖಾತ್ರಿಯಾಗುವ ತನಕ ಉಳಿದವುಗಳಿಂದ ದೂರ ಇಡಬೇಕು.

ದಾಖಲೆ ಪುಸ್ತಕದಲ್ಲಿ ಭಾಷೆ, ಸಂಖ್ಯೆ, ದಿನಾಂಕ, ಮುದ್ರಿತ ಬೆಲೆ, ಮೂಲ ಪಟ್ಟಿಯ ಕಥೆ, ಚಿತ್ರಕಾರರು, ಕೊರತೆಗಳು, ಕೊಂಡ ಜಾಗ ಎಂಬಿಷ್ಟನ್ನು ಬರೆಯಬೇಕು. ಮುದ್ರಿತ ಬೆಲೆಯನ್ನು ಹಲವರು ಬಿಟ್ಟುಬಿಡುತ್ತಾರೆ, ಆದರೆ ದಿನಾಂಕ ಹರಿದುಹೋದ ಇನ್ನೊಂದು ಪ್ರತಿಯ ಕಾಲ ಗೊತ್ತುಮಾಡಲು ಅದೇ ನೆರವಾಗುತ್ತದೆ. ಕನ್ನಡ ಸಂಚಿಕೆಗಳಿಗೆ ಪ್ರಕಾಶಕರ ವಿವರವಿರುವ ಪುಟದ ಫೋಟೋ ತೆಗೆದು ಜೊತೆಗಿಡುವುದು ಅಗತ್ಯ. ಮುರುಕಲಾದ ಪ್ರತಿಯನ್ನು ಸ್ಕ್ಯಾನರ್ ಗಾಜಿಗೆ ಒತ್ತಿ ಬೆನ್ನು ಮುರಿಯುವುದಕ್ಕಿಂತ, ಪುಸ್ತಕವನ್ನು ಅರ್ಧ ತೆರೆದು ಎರಡು ಬದಿಗೂ ಆಸರೆ ಕೊಟ್ಟು, ಮೇಲಿನಿಂದ ಕ್ಯಾಮೆರಾದಲ್ಲಿ ಪುಟ ಪುಟವಾಗಿ ಹಿಡಿಯುವುದು ಉತ್ತಮ. ಆ ಚಿತ್ರಗಳು ಸ್ವಂತ ಉಪಯೋಗಕ್ಕೆ ಮಾತ್ರ. ಪಾತ್ರದ ಹಕ್ಕು ಇನ್ನೂ ಕಿಂಗ್ ಫೀಚರ್ಸ್‌ನದೇ ಆಗಿರುವುದರಿಂದ ಅವುಗಳನ್ನು ಅಚ್ಚು ಹಾಕಿಸಿ ಮಾರುವಂತಿಲ್ಲ.